ರೂಟರಿನ ಗಡಿಯಾರ ಸರಿ ಇರಬೇಕಾದರೆ: ಎನ್‌ಟಿಪಿ ಎಂದರೇನು, ಹೊಂದಿಸುವುದು ಹೇಗೆ

ಮಳೆಗಾಲದಲ್ಲಿ ಕರೆಂಟು ಹೋಗಿ ಬಂದ ಮೇಲೆ ರೂಟರಿನ ಸೆಟ್ಟಿಂಗ್ಸ್ ಪುಟ ತೆರೆದರೆ ಕೆಲವೊಮ್ಮೆ ಅಲ್ಲಿ 1970ರ ಜನವರಿ 1, ಬೆಳಿಗ್ಗೆ 5.30 ಎಂದಿರುತ್ತದೆ. ಇಂಟರ್‌ನೆಟ್ ಓಡುತ್ತಿರುತ್ತದೆ, ಯೂಟ್ಯೂಬ್ ಬರುತ್ತಿರುತ್ತದೆ. ಹಾಗಾಗಿ ಯಾರೂ ಅದರ ಗೊಡವೆಗೆ ಹೋಗುವುದಿಲ್ಲ. ಡೊಂಬಿವಲಿಯ ಯಾವುದೋ ಸೊಸೈಟಿಯ ಗೇಟಿನಿಂದ ಬೈಕು ಕಳವಾಗಿ, ಪೊಲೀಸರು ಸಿಸಿಟಿವಿ ದೃಶ್ಯ ಕೇಳಿದ ದಿನ ಮಾತ್ರ ಗಂಟೆಯ ಪ್ರಶ್ನೆ ಏಳುತ್ತದೆ. ಕ್ಯಾಮೆರಾ ರಾತ್ರಿ 2.40 ಎನ್ನುತ್ತದೆ, ವಾಚ್‌ಮನ್ ಹನ್ನೆರಡು ಗಂಟೆ ಎನ್ನುತ್ತಾನೆ, ಪಕ್ಕದ ಅಂಗಡಿಯ ಕ್ಯಾಮೆರಾ ಮೂರನೆಯದೇ ಲೆಕ್ಕ ಹೇಳುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದೃಶ್ಯವನ್ನು ಸಾಕ್ಷ್ಯವಾಗಿ ಒಪ್ಪಿಸುವಾಗ ಪ್ರಮಾಣಪತ್ರ ಜೊತೆಗಿರಬೇಕು. ಗಂಟೆ ತಪ್ಪಿದ್ದರೆ ಯಾಕೆ ತಪ್ಪಿತು, ಎಷ್ಟು ತಪ್ಪಿತು ಎಂದು ವಿವರಿಸುವ ಕೆಲಸ ಒಪ್ಪಿಸುವವರ ಹೆಗಲಿಗೇ ಬೀಳುತ್ತದೆ.

ಕಚೇರಿಗಳಿಗಂತೂ ಇದು ಕಟ್ಟುಪಾಡು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿತು. ಇಂಟರ್‌ನೆಟ್ ಸೇವಾದಾರರು, ಡೇಟಾ ಸೆಂಟರುಗಳು, ಕಂಪನಿಗಳು ಮತ್ತು ಸರ್ಕಾರಿ ಸಂಸ್ಥೆಗಳು ತಮ್ಮ ಯಂತ್ರಗಳ ಗಡಿಯಾರವನ್ನು ದೇಶದ ಅಧಿಕೃತ ಸಮಯದ ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗಳಿಗೆ ಜೋಡಿಸಬೇಕು, ಲಾಗ್‌ಗಳನ್ನು, ಅಂದರೆ ಯಂತ್ರಗಳು ಬರೆದಿಡುವ ಘಟನೆಗಳ ದಾಖಲೆಯನ್ನು, 180 ದಿನ ಕಾಪಿಡಬೇಕು ಎಂಬುದು ಅದರಲ್ಲಿದೆ. ಮನೆಗೆ ಈ ನಿಯಮ ಇಲ್ಲ. ಆದರೆ ಮಾಡುವ ವಿಧಾನ ಎರಡೂ ಕಡೆ ಒಂದೇ: ಎನ್‌ಟಿಪಿ, ಅಂದರೆ ಯಂತ್ರಗಳು ನೆಟ್‌ವರ್ಕಿನ ಮೂಲಕ ಸಮಯ ಕೇಳಿ ಹೊಂದಿಸಿಕೊಳ್ಳುವ ಪದ್ಧತಿ.

ರೂಟರ್ ಗಂಟೆ ಮರೆಯುವುದು ಯಾಕೆ

ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಕರೆಂಟು ಇಲ್ಲದಾಗಲೂ ಗಡಿಯಾರ ನಡೆಯುವುದು ಅದರ ಬಲದಿಂದ. ಮನೆಬಳಕೆಯ ಬಹುತೇಕ ರೂಟರ್‌ಗಳಲ್ಲಿ ಆ ಸೆಲ್ಲೂ ಇಲ್ಲ, ಪ್ರತ್ಯೇಕ ಗಡಿಯಾರದ ಚಿಪ್ಪೂ ಇಲ್ಲ. ಪ್ಲಗ್ ಕಿತ್ತ ಕೂಡಲೇ ಸಮಯವೂ ಹೋಯಿತು. ಮತ್ತೆ ಶುರುವಾದಾಗ ಅದು ಸೊನ್ನೆಯಿಂದ ಎಣಿಸುತ್ತದೆ. ಯುನಿಕ್ಸ್ ಪರಂಪರೆಯ ಯಂತ್ರಗಳಿಗೆ ಆ ಸೊನ್ನೆ ಎಂದರೆ 1970ರ ಜನವರಿ 1ರ ಗ್ರೀನಿಚ್ ಮಧ್ಯರಾತ್ರಿ. ಭಾರತದ ಲೆಕ್ಕದಲ್ಲಿ ಅಂದು ಬೆಳಿಗ್ಗೆ ಐದೂವರೆ. ಕೆಲವು ರೂಟರ್‌ಗಳು ತಮ್ಮ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ತಯಾರಾದ ದಿನದಿಂದ ಎಣಿಸುತ್ತವೆ. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿದ ರೂಟರ್ ತನ್ನೊಳಗಿನ ಫೈಲುಗಳಲ್ಲಿ ಅತಿ ಹೊಸದು ಯಾವುದೋ ಅದರ ತಾರೀಖನ್ನು ಹಿಡಿದುಕೊಳ್ಳುತ್ತದೆ.

ಕರೆಂಟು ಹೋಗದೆ ಇದ್ದರೂ ಗಂಟೆ ನಿಧಾನವಾಗಿ ಸರಿಯುತ್ತದೆ. ರೂಟರ್ ಕಾಲ ಎಣಿಸುವುದು ಒಂದು ಚಿಕ್ಕ ಸ್ಫಟಿಕದ ಕಂಪನದಿಂದ. ಅದರ ವೇಗ ಹತ್ತು ಲಕ್ಷಕ್ಕೆ 20 ಪಾಲು ತಪ್ಪಿದರೂ ದಿನಕ್ಕೆ 1.7 ಸೆಕೆಂಡು, ತಿಂಗಳಿಗೆ 50 ಸೆಕೆಂಡಿನಷ್ಟು ವ್ಯತ್ಯಾಸ ಬೀಳುತ್ತದೆ. ಸೆಖೆಗೆ ಈ ಕಂಪನ ಬದಲಾಗುವುದರಿಂದ ಟಿವಿ ಸ್ಟ್ಯಾಂಡಿನ ಹಿಂದೆ ಬಿಸಿಯಾಗಿ ಕೂತ ರೂಟರಿನ ತಪ್ಪು ಬೇರೆಯೇ ಇರುತ್ತದೆ. ಒಮ್ಮೆ ಕೈಯಿಂದ ಗಂಟೆ ಇಟ್ಟು ಬಿಟ್ಟರೆ ಉಳಿಯದು ಎನ್ನುವುದಕ್ಕೆ ಈ ಎರಡು ಕಾರಣ ಸಾಕು.

ತಪ್ಪಿದರೆ ಏನು ಕೆಡುತ್ತದೆ

ಮೊಬೈಲು, ಲ್ಯಾಪ್‌ಟಾಪುಗಳು ತಮ್ಮ ಸಮಯವನ್ನು ತಾವೇ ತಂದುಕೊಳ್ಳುತ್ತವೆ. ರೂಟರಿನ ತಪ್ಪು ಅವಕ್ಕೆ ಅಂಟುವುದಿಲ್ಲ. ಕೆಡುವುದು ರೂಟರ್ ತಾನೇ ಸಮಯ ನೋಡಿ ಮಾಡುವ ಕೆಲಸಗಳು. ರಾತ್ರಿ ಹತ್ತಕ್ಕೆ ಮಕ್ಕಳ ಟ್ಯಾಬಿಗೆ ನೆಟ್ ನಿಲ್ಲಬೇಕೆಂದು ಇಟ್ಟ ಪೇರೆಂಟಲ್ ಕಂಟ್ರೋಲ್ ಮಧ್ಯಾಹ್ನ ನಿಲ್ಲಿಸುತ್ತದೆ. ಗೋವಾದ ಹೋಂಸ್ಟೇಗಳಲ್ಲಿ ಅತಿಥಿಗಳಿಗೆ ಕೊಡುವ 24 ಗಂಟೆಯ ವೈಫೈ ವೋಚರ್ ಬೇಗ ಮುಗಿಯುತ್ತದೆ, ಇಲ್ಲವೇ ಮುಗಿಯುವುದೇ ಇಲ್ಲ. ಲಾಗ್‌ನಲ್ಲಿ ಯಾವ ಘಟನೆ ಯಾವಾಗ ನಡೆಯಿತೆಂದು ತಿಳಿಯುವುದಿಲ್ಲ.

ವಿಪಿಎನ್, ಅಂದರೆ ಇಂಟರ್‌ನೆಟ್ ಮೂಲಕ ಕಚೇರಿಯಂಥ ದೂರದ ಜಾಲಕ್ಕೆ ಗುಪ್ತ ಸುರಂಗದಂತೆ ಜೋಡಿಸುವ ಸಂಪರ್ಕ, ಬಳಸುವವರಿಗೆ ಪೆಟ್ಟು ಇನ್ನೂ ನೇರ. ಸುರಕ್ಷಿತ ಸಂಪರ್ಕದ ಪ್ರಮಾಣಪತ್ರಗಳಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಬರೆದಿರುತ್ತದೆ. 1970ರಲ್ಲಿ ಇದ್ದೇನೆ ಎಂದುಕೊಂಡ ರೂಟರಿಗೆ ಅವೆಲ್ಲ ಇನ್ನೂ ಚಾಲ್ತಿಗೆ ಬಾರದ ಕಾಗದಗಳು, ಹಾಗಾಗಿ ತಿರಸ್ಕರಿಸುತ್ತದೆ. ವೈರ್‌ಗಾರ್ಡ್ ಎಂಬ ವಿಪಿಎನ್‌ನದು ಬೇರೆ ತೊಡಕು. ಸಂಪರ್ಕ ಶುರುಮಾಡುವ ಅದರ ಪ್ರತಿ ಕೈಕುಲುಕಿನಲ್ಲೂ ಸಮಯದ ಮುದ್ರೆ ಇರುತ್ತದೆ, ಹಿಂದಿನದಕ್ಕಿಂತ ಹಳೆಯ ಮುದ್ರೆ ಬಂದರೆ ಆಚೆ ಕಡೆಯ ಯಂತ್ರ ಅದನ್ನು ಸದ್ದಿಲ್ಲದೆ ಬಿಸಾಡುತ್ತದೆ. ಹಿಂಜೇವಾಡಿಯ ಕಚೇರಿಗೆ ಮನೆಯ ರೂಟರಿನಿಂದ ವೈರ್‌ಗಾರ್ಡ್ ಹಾಕಿಕೊಂಡವರಿಗೆ ಕರೆಂಟು ಹೋಗಿ ಬಂದ ಮೇಲೆ ಸುರಂಗ ಏಳದಿದ್ದರೆ ಮೊದಲು ನೋಡಬೇಕಾದ್ದು ರೂಟರಿನ ತಾರೀಖು. ಪಾಸ್‌ವರ್ಡು, ಕೀಲಿ ಎಲ್ಲ ಸರಿ ಇದ್ದೂ ಸಂಪರ್ಕ ಸಿಗದ ಇಂಥ ದೋಷವನ್ನು ಹುಡುಕುವುದು ಬಹಳ ಕಷ್ಟ, ಏಕೆಂದರೆ ಎಲ್ಲಿಯೂ ದೋಷದ ಸಂದೇಶ ಬರುವುದಿಲ್ಲ.

ದೂರದಿಂದ ಗಂಟೆ ಕೇಳಿ ತಿಳಿಯುವುದು ಹೇಗೆ

ನೆಟ್‌ವರ್ಕ್ ಟೈಮ್ ಪ್ರೋಟೋಕಾಲ್, ಚಿಕ್ಕದಾಗಿ ಎನ್‌ಟಿಪಿ, ಎಂಬುದು ಯಂತ್ರಗಳು ಪರಸ್ಪರ ಸಮಯ ಕೇಳಿ ಹೊಂದಿಸಿಕೊಳ್ಳುವ ಒಪ್ಪಂದ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಸ್ ಇದನ್ನು ರೂಪಿಸಿದರು. ಅದರ ಮೊದಲ ದಾಖಲೆ 1985ರದು, ಈಗ ಬಳಕೆಯಲ್ಲಿರುವ ನಾಲ್ಕನೇ ಆವೃತ್ತಿಯ ದಾಖಲೆ 2010ರದು. ಮಿಲ್ಸ್ 2024ರ ಜನವರಿಯಲ್ಲಿ ತೀರಿಕೊಂಡರು.

ಇಲ್ಲಿರುವ ತೊಡಕು ಏನೆಂದರೆ, ಉತ್ತರ ದಾರಿಯಲ್ಲಿ ಬರುತ್ತಿರುವಾಗಲೇ ಹಳೆಯದಾಗುತ್ತದೆ. ಮಾಟುಂಗಾದ ಅಂಗಡಿಯವರು ಹುಡುಗನನ್ನು ಸ್ಟೇಷನ್ನಿನ ಗಡಿಯಾರ ನೋಡಿ ಬಾ ಎಂದು ಕಳಿಸುತ್ತಾರೆ ಎಂದುಕೊಳ್ಳಿ. ಅಂಗಡಿಯ ಗಡಿಯಾರದಲ್ಲಿ 10.00ಕ್ಕೆ ಹೊರಟ ಹುಡುಗ 10.08ಕ್ಕೆ ವಾಪಸ್ಸು ಬಂದು, ‘ಸ್ಟೇಷನ್ನಿನಲ್ಲಿ 10.09 ಆಗಿತ್ತು’ ಎನ್ನುತ್ತಾನೆ. ಹೋಗಿ ಬರಲು ಎಂಟು ನಿಮಿಷ, ಅದರ ಅರ್ಧ ನಾಲ್ಕು. ಅವನು ಗಡಿಯಾರ ನೋಡಿದಾಗ ಅಂಗಡಿಯಲ್ಲಿ 10.04 ಆಗಿತ್ತು. ಆದ್ದರಿಂದ ಅಂಗಡಿಯ ಗಡಿಯಾರ ಐದು ನಿಮಿಷ ಹಿಂದಿದೆ. ಹೋಗುವಾಗ ಜನಜಂಗುಳಿಯಲ್ಲಿ ಆರು ನಿಮಿಷ, ಬರುವಾಗ ಎರಡೇ ನಿಮಿಷ ಹಿಡಿದಿದ್ದರೆ ಈ ಲೆಕ್ಕ ಎರಡು ನಿಮಿಷ ತಪ್ಪುತ್ತದೆ. ಆದರೆ ಎಷ್ಟೇ ತಪ್ಪಿದರೂ ಒಟ್ಟು ಸುತ್ತಿನ ಅರ್ಧಕ್ಕಿಂತ, ಅಂದರೆ ನಾಲ್ಕು ನಿಮಿಷಕ್ಕಿಂತ, ಹೆಚ್ಚು ತಪ್ಪಲಾರದು.

ಎನ್‌ಟಿಪಿ ಮಾಡುವುದು ಇದನ್ನೇ, ಮಿಲಿಸೆಕೆಂಡಿನ ಲೆಕ್ಕದಲ್ಲಿ. ರೂಟರ್ ತನ್ನ ಗಂಟೆ 10:00:00.000ಕ್ಕೆ ಮಾಹಿತಿಯ ಒಂದು ಚಿಕ್ಕ ಪೊಟ್ಟಣ ಕಳಿಸುತ್ತದೆ. ಸರ್ವರಿಗೆ ಅದು ಮುಟ್ಟಿದಾಗ ಅಲ್ಲಿ 10:00:05.020, ಉತ್ತರ ಹೊರಟಾಗ 10:00:05.021. ರೂಟರಿಗೆ ಮರಳಿ ಬಂದಾಗ ಅದರ ಗಂಟೆ 10:00:00.041. ದಾರಿಯಲ್ಲಿ ಕಳೆದದ್ದು 41ರಿಂದ ಸರ್ವರ್ ಹಿಡಿದುಕೊಂಡ 1 ಕಳೆದರೆ 40 ಮಿಲಿಸೆಕೆಂಡು. ಹೋದ ಕಡೆಯ ವ್ಯತ್ಯಾಸ 5.020, ಬಂದ ಕಡೆಯದು 4.980, ಎರಡರ ಸರಾಸರಿ ಸರಿಯಾಗಿ 5 ಸೆಕೆಂಡು. ರೂಟರ್ ಅಷ್ಟು ಹಿಂದಿದೆ ಎಂದು ತಿಳಿಯಿತು. ತಪ್ಪು ಹೆಚ್ಚೆಂದರೆ 20 ಮಿಲಿಸೆಕೆಂಡು. ಮುಂಬಯಿಯಿಂದ ದೆಹಲಿಗೆ ನೇರ ದೂರ 1150 ಕಿಲೋಮೀಟರಿನಷ್ಟು. ಫೈಬರಿನಲ್ಲಿ ಬೆಳಕು ಅಷ್ಟು ದೂರ ಹೋಗಲು 6 ಮಿಲಿಸೆಕೆಂಡು ಸಾಕು, ಆದರೆ ಕೇಬಲ್ಲು ನೇರವಾಗಿ ಹೋಗುವುದಿಲ್ಲ, ನಡುವೆ ಹಲವು ಕಡೆ ತಡೆದು ಹೋಗುತ್ತದೆ. ಹತ್ತಿರದ ಸರ್ವರ್ ಒಳ್ಳೆಯದೆನ್ನುವುದು ಇದಕ್ಕೇ.

ವ್ಯತ್ಯಾಸ ತಿಳಿದ ಮೇಲೆ ಸರಿಪಡಿಸುವುದಕ್ಕೆ ಎರಡು ದಾರಿ. ತಪ್ಪು 128 ಮಿಲಿಸೆಕೆಂಡಿಗಿಂತ ಹೆಚ್ಚಿದ್ದರೆ ಎನ್‌ಟಿಪಿಯ ಮೂಲ ತಂತ್ರಾಂಶ ಮುಳ್ಳನ್ನು ಒಮ್ಮೆಲೇ ಸರಿಸುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಗಡಿಯಾರದ ಓಟವನ್ನು ಸ್ವಲ್ಪ ಹೆಚ್ಚುಕಡಿಮೆ ಮಾಡಿ ಮೆಲ್ಲಗೆ ಕೂಡಿಸುತ್ತದೆ. ಹೀಗೆ ಮಾಡಿದರೆ ಒಂದೇ ಸೆಕೆಂಡು ಎರಡು ಸಲ ಬರುವುದಿಲ್ಲ, ಲಾಗ್‌ಗಳ ಸಾಲು ಹಿಂದುಮುಂದಾಗುವುದಿಲ್ಲ. ತಪ್ಪು 1000 ಸೆಕೆಂಡಿಗಿಂತಲೂ ಹೆಚ್ಚಿದ್ದರೆ ಏನೋ ದೊಡ್ಡದೇ ಕೆಟ್ಟಿದೆ ಎಂದು ಅದು ಕೆಲಸವನ್ನೇ ನಿಲ್ಲಿಸುತ್ತದೆ. ಶುರುವಾಗುವಾಗ ಒಂದು ಸಲ ಎಷ್ಟೇ ತಪ್ಪಿದ್ದರೂ ತಿದ್ದು ಎಂಬ ಅನುಮತಿಯನ್ನು ಪ್ರತ್ಯೇಕವಾಗಿ ಕೊಡಬೇಕಾಗುತ್ತದೆ. 1970ರಿಂದ ಏಳುವ ಮನೆ ರೂಟರ್‌ಗಳಲ್ಲಿ ತಯಾರಕರು ಆ ಅನುಮತಿಯನ್ನು ಮೊದಲೇ ಕೊಟ್ಟಿರುತ್ತಾರೆ.

ಸ್ಟ್ರೇಟಮ್

ಸರ್ವರಿನ ಹೆಸರಿನ ಮುಂದೆ ಸ್ಟ್ರೇಟಮ್ 1, 2, 3 ಎಂದು ಕಾಣುತ್ತದೆ. ಮೂಲ ಗಡಿಯಾರದಿಂದ ಅದು ಎಷ್ಟನೇ ಮೆಟ್ಟಿಲು ಎಂದು ಹೇಳುವ ಅಂಕಿ ಇದು. ಪರಮಾಣು ಗಡಿಯಾರ ಅಥವಾ ಜಿಪಿಎಸ್ ರಿಸೀವರ್ ಸೊನ್ನೆ, ಅದಕ್ಕೆ ನೇರವಾಗಿ ಜೋಡಿಸಿದ ಸರ್ವರ್ 1, ಅದನ್ನು ಕೇಳುವವರು 2. ಹೀಗೆ 15ರವರೆಗೆ ಹೋಗುತ್ತದೆ. 16 ಎಂದು ಕಂಡರೆ ಸಮಯ ಇನ್ನೂ ಸಿಕ್ಕಿಲ್ಲವೆಂದೇ ಅರ್ಥ. ಮನೆಗೆ, ಅಂಗಡಿಗೆ 2 ಅಥವಾ 3 ಧಾರಾಳ.

ಯಾರನ್ನು ಕೇಳಬೇಕು

ಭಾರತೀಯ ಪ್ರಮಾಣಿತ ಸಮಯವನ್ನು ಕಾಯುವುದು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಅಂದರೆ ಎನ್‌ಪಿಎಲ್. ಅದರ ಸರ್ವರ್: ಟೈಮ್ ಡಾಟ್ ಎನ್‌ಪಿಎಲ್‌ಇಂಡಿಯಾ ಡಾಟ್ ಆರ್ಗ್. ರಾಷ್ಟ್ರೀಯ ಮಾಹಿತಿ ಕೇಂದ್ರ ಎನ್‌ಐಸಿಯವು ಎರಡು: ಸಮಯ್1 ಡಾಟ್ ಎನ್‌ಐಸಿ ಡಾಟ್ ಇನ್ ಮತ್ತು ಸಮಯ್2 ಡಾಟ್ ಎನ್‌ಐಸಿ ಡಾಟ್ ಇನ್. ಸಮಯ್ ಎಂಬುದರ ಅಕ್ಷರಗಳು ಎಸ್, ಎ, ಎಂ, ಎ, ವೈ. ರೂಟರಿನಲ್ಲಿ ಹಾಕುವಾಗ ಎಲ್ಲವನ್ನೂ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಡಾಟ್ ಎಂದಲ್ಲಿ ಚುಕ್ಕೆ ಇಟ್ಟು, ನಡುವೆ ಜಾಗ ಬಿಡದೆ ಬರೆಯಬೇಕು. ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸ್ಪೇಸ್ ಉಳಿದುಬಿಟ್ಟರೂ ಕೆಲವು ರೂಟರ್‌ಗಳು ಆ ಹೆಸರನ್ನು ಒಪ್ಪುವುದಿಲ್ಲ.

ಸ್ವಯಂಸೇವಕರು ನಡೆಸುವ ಎನ್‌ಟಿಪಿ ಪೂಲ್ 2003ರಿಂದ ಇದೆ. ಭಾರತದ ಪಾಲಿಗೆ ಅದರ ಹೆಸರು ಇನ್ ಡಾಟ್ ಪೂಲ್ ಡಾಟ್ ಎನ್‌ಟಿಪಿ ಡಾಟ್ ಆರ್ಗ್. ಈ ಹೆಸರಿನ ಆರಂಭದಲ್ಲಿ ಸೊನ್ನೆ, ಒಂದು, ಎರಡು, ಮೂರು ಎಂಬ ಅಂಕಿ ಮತ್ತು ಚುಕ್ಕೆ ಸೇರಿಸಿದರೆ ಬೇರೆ ಬೇರೆ ಸರ್ವರ್ ಸಿಗುತ್ತವೆ. ಗೂಗಲ್, ಕ್ಲೌಡ್‌ಫ್ಲೇರ್‌ನವರೂ ಈ ಸೇವೆ ಕೊಡುತ್ತಾರೆ.

ಎಷ್ಟು ಸರ್ವರ್ ಬೇಕು ಎಂಬ ಪ್ರಶ್ನೆಗೆ ಉತ್ತರ ಸ್ವಲ್ಪ ಯೋಚಿಸುವಂಥದ್ದು. ಒಂದೇ ಇದ್ದರೆ ಅದು ಹೇಳಿದ್ದೇ ಸತ್ಯ. ಎರಡಿದ್ದು, ಎರಡೂ ಬೇರೆ ಬೇರೆ ಹೇಳಿದರೆ ಯಾವುದನ್ನು ನಂಬುವುದು ಎಂದು ರೂಟರಿಗೆ ಗೊತ್ತಾಗದು. ಮೂರಿದ್ದರೆ ತಪ್ಪಿದ ಒಂದನ್ನು ಬದಿಗಿಡಬಹುದು. ನಾಲ್ಕಿದ್ದರೆ ಒಂದು ಮಲಗಿದಾಗಲೂ ಮೂರು ಉಳಿಯುತ್ತವೆ. ಆದ್ದರಿಂದಲೇ ಬಲ್ಲವರು ನಾಲ್ಕು ಎನ್ನುತ್ತಾರೆ. ಮನೆಯ ರೂಟರಿನಲ್ಲಿ ಎರಡೇ ಖಾನೆ ಇದ್ದರೆ ಎನ್‌ಪಿಎಲ್ ಒಂದು, ಪೂಲ್ ಒಂದು ಹಾಕಿ. ಅಲ್ಲಿ ಎರಡನೆಯದು ಕೇವಲ ಬದಲಿ ವ್ಯವಸ್ಥೆ.

ಬೆರೆಸಬಾರದ್ದು ಒಂದಿದೆ. ಭೂಮಿಯ ಸುತ್ತುವಿಕೆಗೆ ಹೊಂದಿಸಲು ಆಗಾಗ ಒಂದು ಅಧಿಕ ಸೆಕೆಂಡು ಸೇರಿಸುತ್ತಾರೆ. 1972ರಿಂದ ಈವರೆಗೆ ಸೇರಿಸಿದ್ದು 27. ಕೊನೆಯದು ಸೇರಿದ್ದು 2016ರ ಡಿಸೆಂಬರ್ 31ಕ್ಕೆ. ಭಾರತದಲ್ಲಿ ಆಗ 2017ರ ಜನವರಿ 1ರ ಬೆಳಿಗ್ಗೆ ಐದೂವರೆ. ಗೂಗಲ್ ಆ ಒಂದು ಸೆಕೆಂಡನ್ನು 24 ಗಂಟೆಗಳಲ್ಲಿ ಚೂರುಚೂರಾಗಿ ಹರಡುತ್ತದೆ, ಉಳಿದವರಲ್ಲಿ ಹೆಚ್ಚಿನವರು ಒಮ್ಮೆಗೇ ಸೇರಿಸುತ್ತಾರೆ. ಆ ದಿನ ಗೂಗಲಿನ ಗಂಟೆಗೂ ಬೇರೆಯವರ ಗಂಟೆಗೂ ಅರ್ಧ ಸೆಕೆಂಡಿನವರೆಗೆ ಅಂತರ ಬೀಳುತ್ತದೆ. ಹಾಗಾಗಿ ಹಾಕಿದರೆ ಗೂಗಲಿನದನ್ನಷ್ಟೇ ಹಾಕಬೇಕು, ಇಲ್ಲವಾದರೆ ಅದನ್ನು ಬಿಡಬೇಕು.

ಸಮಯ ಬೇರೆ, ಟೈಮ್‌ಝೋನ್ ಬೇರೆ

ಎನ್‌ಟಿಪಿ ಸರ್ವರ್ ಹೇಳುವುದು ಯಾವಾಗಲೂ ವಿಶ್ವಸಮಯ, ಯುಟಿಸಿ. ದೆಹಲಿಯ ಸರ್ವರನ್ನು ಕೇಳಿದರೂ ಅಷ್ಟೇ. ಅದಕ್ಕೆ ಐದೂವರೆ ಗಂಟೆ ಕೂಡಿಸಿ ತೋರಿಸುವುದು ರೂಟರಿನ ಟೈಮ್‌ಝೋನ್ ಸೆಟ್ಟಿಂಗು. ಐದೂವರೆ ಬಂದದ್ದು ಪೂರ್ವ ರೇಖಾಂಶ 82.5 ಡಿಗ್ರಿಯಿಂದ. 1906ರಲ್ಲಿ ಈ ಸಮಯ ದೇಶಕ್ಕೆ ಬಂದ ಮೇಲೂ ಮುಂಬಯಿಯಲ್ಲಿ ಹಲವು ದಶಕ ಬಾಂಬೆ ಟೈಮ್ ಉಳಿದಿತ್ತು, ಅದು 39 ನಿಮಿಷ ಹಿಂದೆ. ರೇಖಾಂಶದ ಒಂದು ಡಿಗ್ರಿಗೆ ನಾಲ್ಕು ನಿಮಿಷ. ಮುಂಬಯಿ ಇರುವುದು ಸುಮಾರು 72.8ರಲ್ಲಿ, ಲೆಕ್ಕ ಹಾಕಿದರೆ ಆ 39 ನಿಮಿಷ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಈಗ ಪಟ್ಟಿಯಲ್ಲಿ ಆರಿಸಬೇಕಾದ್ದು ಚೆನ್ನೈ, ಕೋಲ್ಕತ್ತ, ಮುಂಬೈ, ನ್ಯೂ ಡೆಲ್ಲಿ ಎಂಬ ಸಾಲು, ಅಥವಾ ಏಷ್ಯಾ/ಕೋಲ್ಕತ್ತ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಡೇಲೈಟ್ ಸೇವಿಂಗ್ ಎಂಬ ಖಾನೆ ಖಾಲಿ ಇರಲಿ. ನಮ್ಮಲ್ಲಿ ಅದು ಇಲ್ಲ.

ಮನೆಯ ರೂಟರಿನಲ್ಲಿ

ರೂಟರಿನ ತಳದಲ್ಲಿ ಅಂಟಿಸಿದ ಚೀಟಿಯಲ್ಲಿ ಅದರ ವಿಳಾಸ ಮತ್ತು ಪಾಸ್‌ವರ್ಡು ಇರುತ್ತವೆ. ವಿಳಾಸ ಹೆಚ್ಚಾಗಿ 192.168.0.1 ಅಥವಾ 192.168.1.1. ಮೊಬೈಲಿನ ಬ್ರೌಸರಿನಲ್ಲೇ ತೆರೆಯಬಹುದು, ಆದರೆ ಅದು ಆ ರೂಟರಿನ ವೈಫೈಯಲ್ಲೇ ಇರಬೇಕು. ಟಿಪಿ-ಲಿಂಕ್‌ನ ಹಳೆಯ ಪುಟಗಳಲ್ಲಿ ಸಿಸ್ಟಮ್ ಟೂಲ್ಸ್ ಒಳಗೆ ಟೈಮ್ ಸೆಟ್ಟಿಂಗ್ಸ್, ಹೊಸವುಗಳಲ್ಲಿ ಅಡ್ವಾನ್ಸ್ಡ್, ಸಿಸ್ಟಮ್, ಟೈಮ್ ಆಂಡ್ ಲಾಂಗ್ವೇಜ್. ಫೈಬರ್ ಕಂಪನಿ ಕೊಟ್ಟ ಪೆಟ್ಟಿಗೆಯಾದರೆ ಮ್ಯಾನೇಜ್‌ಮೆಂಟ್ ಅಥವಾ ಅಡ್ಮಿನಿಸ್ಟ್ರೇಷನ್ ಎಂಬಲ್ಲಿ ಹುಡುಕಿ. ಕೆಲವು ಕಂಪನಿಗಳು ಗ್ರಾಹಕರ ಲಾಗಿನ್‌ಗೆ ಈ ಪುಟವನ್ನೇ ಮುಚ್ಚಿರುತ್ತವೆ. ಆಗ ಅವರ ಸಹಾಯವಾಣಿಗೆ ಹೇಳಿ ಮಾಡಿಸುವುದೊಂದೇ ದಾರಿ.

ಮೊದಲು ಟೈಮ್‌ಝೋನ್ ಆರಿಸಿ. ಆಮೇಲೆ ‘ಇಂಟರ್‌ನೆಟ್‌ನಿಂದ ತಾನಾಗಿ ಪಡೆ’ ಎಂಬರ್ಥದ ಆಯ್ಕೆ ಒತ್ತಿ, ಎರಡು ಖಾನೆಗಳಲ್ಲಿ ಸರ್ವರ್ ಹೆಸರು ಬರೆದು, ‘ಒಬ್ಟೇನ್’ ಅಥವಾ ‘ಸಿಂಕ್ ನೌ’ ಒತ್ತಿ, ಸೇವ್ ಮಾಡಿ. ಕೆಲವೇ ಸೆಕೆಂಡುಗಳಲ್ಲಿ ಇಂದಿನ ತಾರೀಖು ಬರಬೇಕು. ಬಂದರೂ ಅಲ್ಲಿಗೇ ಬಿಡಬೇಡಿ. ಪ್ಲಗ್ ಕಿತ್ತು, ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿ, ಐದು ನಿಮಿಷದ ಮೇಲೆ ಆ ಪುಟವನ್ನು ಇನ್ನೊಮ್ಮೆ ನೋಡಿ. ನಿಜವಾದ ಪರೀಕ್ಷೆ ಅದು. ಬ್ರೌಸರಿನಿಂದ ಸಮಯ ತೆಗೆದುಕೊಳ್ಳುವ ‘ಗೆಟ್ ಫ್ರಮ್ ಪಿಸಿ’ ಬಟನ್ ಆ ಹೊತ್ತಿಗೆ ಗಂಟೆಯನ್ನು ಸರಿ ತೋರಿಸುತ್ತದೆ, ಕರೆಂಟು ಹೋದರೆ ಮತ್ತೆ ಮೊದಲಿನಂತೆಯೇ.

ಎಷ್ಟು ಹೊತ್ತಿಗೊಮ್ಮೆ ಕೇಳಬೇಕೆಂದು ಬರೆಯುವ ಖಾನೆ ಇದ್ದರೆ ಅದನ್ನು ಸಣ್ಣದು ಮಾಡುವ ಆಸೆ ಬೇಡ. ಎನ್‌ಟಿಪಿ ತಾನಾಗಿ 64 ಸೆಕೆಂಡಿಗೊಮ್ಮೆ ಶುರುಮಾಡಿ, ಗಂಟೆ ನೆಲೆನಿಂತ ಮೇಲೆ 1024 ಸೆಕೆಂಡಿಗೊಮ್ಮೆ ಕೇಳುತ್ತದೆ. 2003ರಲ್ಲಿ ನೆಟ್‌ಗೇರ್‌ನ ಕೆಲವು ರೂಟರ್‌ಗಳಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸರ್ವರಿನ ವಿಳಾಸವನ್ನೇ ಗಟ್ಟಿಯಾಗಿ ಬರೆದಿಡಲಾಗಿತ್ತು, ಉತ್ತರ ಬಾರದಿದ್ದರೆ ಪ್ರತಿ ಸೆಕೆಂಡಿಗೆ ಮತ್ತೆ ಕೇಳುವಂತೆ ಮಾಡಲಾಗಿತ್ತು. ಸೆಕೆಂಡಿಗೆ ಲಕ್ಷಗಟ್ಟಲೆ ಪ್ರಶ್ನೆಗಳು ಆ ವಿಶ್ವವಿದ್ಯಾಲಯದ ಮೇಲೆ ಬಂದು ಬಿದ್ದವು. ಸಣ್ಣ ಪೆಟ್ಟಿಗೆಗಳು ಲೆಕ್ಕವಿಲ್ಲದಷ್ಟಾದಾಗ ಏನಾಗುತ್ತದೆ ಎಂಬುದಕ್ಕೆ ಅದು ಉದಾಹರಣೆ.

ಮೈಕ್ರೋಟಿಕ್, ಓಪನ್‌ಡಬ್ಲ್ಯುಆರ್‌ಟಿ, ಸಿಸ್ಕೋ

ಹೋಟೆಲು, ಲಾಡ್ಜು, ಕೇಬಲ್‌ನವರ ಕಡೆ ಹೆಚ್ಚಾಗಿ ಕಾಣುವುದು ಮೈಕ್ರೋಟಿಕ್ ಕಂಪನಿಯ ರೂಟರ್. ಅದರ ತಂತ್ರಾಂಶದ ಏಳನೇ ಆವೃತ್ತಿಯಲ್ಲಿ, ಕಂಪ್ಯೂಟರಿನಿಂದ ಅದನ್ನು ಹೊಂದಿಸುವ ವಿನ್‌ಬಾಕ್ಸ್ ತೆರೆದು ಸಿಸ್ಟಮ್, ಎನ್‌ಟಿಪಿ ಕ್ಲೈಂಟ್‌ಗೆ ಹೋಗಿ ಎನೇಬಲ್ಡ್‌ಗೆ ಗುರುತು ಹಾಕಿ, ನಾಲ್ಕು ಸರ್ವರ್ ಸೇರಿಸಿ. ಸ್ಟೇಟಸ್‌ನಲ್ಲಿ ಸಿಂಕ್ರನೈಸ್ಡ್ ಎಂದು ಬಂದರೆ ಆಯಿತು. ಸಿಸ್ಟಮ್, ಕ್ಲಾಕ್‌ನಲ್ಲಿ ಟೈಮ್‌ಝೋನ್ ಆಟೋಡಿಟೆಕ್ಟ್ ಎಂಬುದು ಚಾಲೂ ಇರುತ್ತದೆ. ಅದು ಹೊರಗಿನ ಐಪಿ ವಿಳಾಸ ನೋಡಿ ಊರು ಊಹಿಸುವುದರಿಂದ, ಅದನ್ನು ತೆಗೆದು ಏಷ್ಯಾ/ಕೋಲ್ಕತ್ತ ಎಂದು ಕೈಯಿಂದ ಇಡುವುದು ಲೇಸು. ಆರನೇ ಆವೃತ್ತಿಯಲ್ಲಿ ಕ್ಲೈಂಟ್, ಅಂದರೆ ಸಮಯ ಕೇಳುವ ಭಾಗ, ಮಾತ್ರ ಇರುತ್ತದೆ. ಬೇರೆಯವರಿಗೆ ಸಮಯ ಕೊಡಬೇಕಾದರೆ ಎನ್‌ಟಿಪಿ ಪ್ಯಾಕೇಜನ್ನು ಪ್ರತ್ಯೇಕ ಹಾಕಬೇಕು.

ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಸಿಸ್ಟಮ್ ಪುಟದ ಟೈಮ್ ಸಿಂಕ್ರನೈಸೇಷನ್ ಟ್ಯಾಬ್. ಕ್ಲೈಂಟ್ ಮೊದಲೇ ಚಾಲೂ ಇರುತ್ತದೆ. ಇಲ್ಲಿ ಎಡವುವುದು ಟೈಮ್‌ಝೋನನ್ನು ಫೈಲಿನಲ್ಲಿ ಕೈಯಿಂದ ಬರೆಯುವವರು. ಆ ಬರವಣಿಗೆಯ ಪದ್ಧತಿಯಲ್ಲಿ ಚಿಹ್ನೆ ತಿರುವುಮುರುವು: ಭಾರತಕ್ಕೆ ‘ಐಎಸ್‌ಟಿ ಮೈನಸ್ 5:30’ ಎಂದು ಬರೆಯಬೇಕು, ಏಕೆಂದರೆ ಅಲ್ಲಿ ಅಂಕಿ ಸ್ಥಳೀಯ ಸಮಯಕ್ಕೆ ಎಷ್ಟು ಕೂಡಿಸಿದರೆ ಯುಟಿಸಿ ಬರುತ್ತದೆ ಎಂಬುದನ್ನು ಹೇಳುತ್ತದೆ. ಪ್ಲಸ್ ಎಂದು ಬರೆದರೆ ಗಂಟೆ 11 ತಾಸು ಹಿಂದೆ ಹೋಗುತ್ತದೆ. ಸಿಸ್ಕೋದಲ್ಲಿ ಇದಕ್ಕೆ ಉಲ್ಟಾ. ಅಲ್ಲಿ ‘ಕ್ಲಾಕ್ ಟೈಮ್‌ಝೋನ್ ಐಎಸ್‌ಟಿ 5 30’ ಎಂದು ನೇರವಾಗಿಯೇ ಬರೆಯುವುದು.

ಸಿಸ್ಕೋದಲ್ಲಿ ‘ಎನ್‌ಟಿಪಿ ಸರ್ವರ್’ ಎಂದು ಬರೆದು ವಿಳಾಸ ಕೊಟ್ಟು, ಕಾನ್ಫಿಗರೇಷನ್ ಸೇವ್ ಮಾಡಿ, ‘ಶೋ ಎನ್‌ಟಿಪಿ ಅಸೋಸಿಯೇಷನ್ಸ್’ ಎಂದು ಕೇಳಿ. ನಕ್ಷತ್ರದ ಗುರುತು ಇರುವ ಸರ್ವರೇ ಈಗ ಆರಿಸಿಕೊಂಡದ್ದು. ರೀಚ್ ಎಂಬ ಕಾಲಮ್ಮನ್ನು ಓದಲು ಕಲಿತರೆ ಅರ್ಧ ತೊಂದರೆ ಅಲ್ಲೇ ತಿಳಿಯುತ್ತದೆ. ಕೊನೆಯ ಎಂಟು ಪ್ರಶ್ನೆಗಳಿಗೆ ಉತ್ತರ ಬಂತೋ ಇಲ್ಲವೋ ಎಂಬುದನ್ನು ಎಂಟು ಬಿಟ್‌ಗಳಲ್ಲಿಟ್ಟು, ಎಂಟರ ಆಧಾರದ ಸಂಖ್ಯೆಯಾಗಿ ತೋರಿಸುತ್ತದೆ. ಎಲ್ಲ ಸರಿ ಇದ್ದರೆ ಅದು 1, 3, 7, 17, 37, 77, 177 ಎಂದು ಏರಿ 377ರಲ್ಲಿ ನಿಲ್ಲುತ್ತದೆ. 64 ಸೆಕೆಂಡಿಗೊಮ್ಮೆ ಕೇಳುವಾಗ ಅಲ್ಲಿಗೆ ತಲುಪಲು ಎಂಟೊಂಬತ್ತು ನಿಮಿಷ ಬೇಕು. 376 ಕಂಡರೆ ಈಗಿನ ಒಂದು ಉತ್ತರ ತಪ್ಪಿದೆ ಅಷ್ಟೇ, ಗಾಬರಿ ಬೇಡ. ಸೊನ್ನೆಯಲ್ಲೇ ನಿಂತಿದ್ದರೆ ಒಂದು ಉತ್ತರವೂ ಬಂದಿಲ್ಲ. ‘ಎನ್‌ಟಿಪಿ ಮಾಸ್ಟರ್’ ಎಂಬ ಆಜ್ಞೆಯನ್ನು ತಿಳಿಯದೆ ಹಾಕಬೇಡಿ. ಹೊರಗಿನ ಸಮಯ ಸಿಗದಿದ್ದಾಗಲೂ ರೂಟರ್ ತನ್ನ ತಪ್ಪು ಗಂಟೆಯನ್ನೇ ಸ್ಟ್ರೇಟಮ್ 8 ಎಂದು ಎಲ್ಲರಿಗೂ ಹಂಚಲು ಅದು ಅನುಮತಿ ಕೊಡುತ್ತದೆ.

ಎಷ್ಟು ತಪ್ಪಿದೆ ಎಂಬುದೇ ಕಾರಣ ಹೇಳುತ್ತದೆ

ರಿಪೇರಿಗೆ ಕೈ ಹಾಕುವ ಮುಂಚೆ ಮೊಬೈಲಿನ ಗಂಟೆಗೂ ಯಂತ್ರದ ಗಂಟೆಗೂ ಇರುವ ಅಂತರ ಬರೆದುಕೊಳ್ಳಿ. ಸರಿಯಾಗಿ ಐದೂವರೆ ಗಂಟೆ ಹಿಂದಿದ್ದರೆ ಎನ್‌ಟಿಪಿ ಕೆಲಸ ಮಾಡುತ್ತಿದೆ, ಟೈಮ್‌ಝೋನ್ ಇಟ್ಟಿಲ್ಲ. ಎರಡೂವರೆ ಗಂಟೆ ಮುಂದಿದ್ದರೆ ಬೀಜಿಂಗಿನ ಟೈಮ್‌ಝೋನ್ ಉಳಿದಿದೆ. ಚೀನಾದಲ್ಲಿ ತಯಾರಾದ ಡಿವಿಆರ್‌ಗಳಲ್ಲಿ, ಅಂದರೆ ಸಿಸಿಟಿವಿ ದೃಶ್ಯ ದಾಖಲಿಸುವ ಪೆಟ್ಟಿಗೆಗಳಲ್ಲಿ, ಇದು ಸಾಮಾನ್ಯ, ಆರಂಭದಲ್ಲಿ ಹೇಳಿದ 2.40ರ ಗುಟ್ಟೂ ಇದೇ ಆಗಿರಬಹುದು. ಅರ್ಧ ಗಂಟೆ ಹಿಂದೆ ಎಂದರೆ ಪಟ್ಟಿಯಲ್ಲಿ ಮೇಲಿನ ಸಾಲು ಕರಾಚಿ, ಕಾಲು ಗಂಟೆ ಮುಂದೆ ಎಂದರೆ ಕೆಳಗಿನ ಸಾಲು ಕಠ್ಮಂಡು ಆರಿಸಿಹೋಗಿದೆ. ಸರಿಯಾಗಿ ಒಂದು ಗಂಟೆ ಎಂದರೆ ಡೇಲೈಟ್ ಸೇವಿಂಗ್. 11 ಗಂಟೆ ಎಂದರೆ ಪ್ಲಸ್-ಮೈನಸ್. 12 ಗಂಟೆ ಎಂದರೆ ಯಾರೋ ಕೈಯಿಂದ ಇಡುವಾಗ ಬೆಳಿಗ್ಗೆ-ಸಂಜೆ ಅದಲುಬದಲು ಮಾಡಿದ್ದಾರೆ. ಅಂತರ ಹೀಗೆ ನೇರ್ಪಾಗಿರದೆ ಮೂರು ನಿಮಿಷ ಹತ್ತು ಸೆಕೆಂಡಿನಂತೆ ಇದ್ದರೆ ಸ್ಫಟಿಕ ಸರಿಯುತ್ತಾ ಬಂದಿದೆ, ಎನ್‌ಟಿಪಿ ಬಹಳ ಕಾಲದಿಂದ ಸಂಪರ್ಕದಲ್ಲೇ ಇಲ್ಲ.

ಹೆಸರು ಸರಿ ಇದ್ದೂ ಸಮಯ ಬಾರದಿದ್ದರೆ

ಎನ್‌ಟಿಪಿ ಬಳಸುವುದು ಯುಡಿಪಿ ಪೋರ್ಟ್ 123, ಅಂದರೆ ಯಂತ್ರಕ್ಕೆ ಮಾಹಿತಿ ಬಂದು ಹೋಗುವ ಅಂಕಿಯಿಟ್ಟ ಬಾಗಿಲುಗಳಲ್ಲಿ ಒಂದು. 2013-14ರಲ್ಲಿ ದುರುಳರು ಎಲ್ಲರಿಗೂ ತೆರೆದಿದ್ದ ಎನ್‌ಟಿಪಿ ಸರ್ವರ್‌ಗಳನ್ನು ಬಳಸಿ ಭಾರೀ ದಾಳಿಗಳನ್ನು ನಡೆಸಿದ್ದರು. ಅಂದಿನಿಂದ ಕೆಲವು ಸೇವಾದಾರರು ಈ ಪೋರ್ಟನ್ನು ಸೋಸುತ್ತಾರೆ. ಸಂಶಯವಿದ್ದರೆ ಮೊಬೈಲ್ ಹಾಟ್‌ಸ್ಪಾಟಿನ ಮೂಲಕ ಅದೇ ಸರ್ವರನ್ನು ಕೇಳಿ ನೋಡಿ. ಅಲ್ಲಿ ಉತ್ತರ ಬಂದು ಮನೆಯ ಲೈನಿನಲ್ಲಿ ಬಾರದಿದ್ದರೆ ಸೇವಾದಾರರಲ್ಲಿ ಕೇಳಬೇಕಾದ ಮಾತು. ನಿಮ್ಮ ಕಡೆಯಿಂದ ಪೋರ್ಟ್ ಫಾರ್ವರ್ಡ್ ಏನೂ ಮಾಡಬೇಡಿ. ಹೊರಗಿನಿಂದ 123 ತೆರೆದಿಟ್ಟ ರೂಟರ್ ಅಂಥ ದಾಳಿಗೆ ಸಾಧನವಾಗುತ್ತದೆ. ಉತ್ತರ ಒಳಗೆ ಬರಲು ಪೋರ್ಟ್ ತೆರೆಯುವ ಅಗತ್ಯವೂ ಇಲ್ಲ, ಒಳಗಿನಿಂದ ಕೇಳಿದ್ದಕ್ಕೆ ಬರುವ ಉತ್ತರವನ್ನು ಒಳಬಿಡುವ ‘ಎಸ್ಟಾಬ್ಲಿಷ್ಡ್’ ನಿಯಮ ಫೈರ್‌ವಾಲ್‌ನಲ್ಲಿ ಇದ್ದರೆ ಸಾಕು. ಮೈಕ್ರೋಟಿಕ್‌ನಲ್ಲಿ ಆ ಸಾಲನ್ನು ಅಳಿಸಿಕೊಂಡವರಿಗೆ ಉತ್ತರ ಬಾಗಿಲಿನವರೆಗೆ ಬಂದು ಬಿದ್ದುಹೋಗುತ್ತದೆ.

ಇನ್ನೊಂದು ಗಂಟು ಬಿಡಿಸುವುದು ಕಷ್ಟ. ಹೆಸರನ್ನು ಅಂಕಿಯ ವಿಳಾಸವಾಗಿಸುವ ವ್ಯವಸ್ಥೆ ಡಿಎನ್‌ಎಸ್. ಅದರ ಉತ್ತರ ಅಸಲಿಯೇ ಎಂದು ಪರೀಕ್ಷಿಸುವ ಡಿಎನ್‌ಎಸ್‌ಸೆಕ್ ಅಥವಾ ಗೂಢಲಿಪಿಯ ಡಿಎನ್‌ಎಸ್ ಹಾಕಿದ ರೂಟರಿಗೆ ಸರ್ವರಿನ ಹೆಸರನ್ನು ವಿಳಾಸವಾಗಿಸಲು ಸರಿಯಾದ ಸಮಯ ಬೇಕು, ಸರಿಯಾದ ಸಮಯ ತರಲು ಆ ವಿಳಾಸ ಬೇಕು. ಎರಡೂ ಒಂದನ್ನೊಂದು ಕಾಯುತ್ತಾ ನಿಲ್ಲುತ್ತವೆ. ನಾಲ್ಕರಲ್ಲಿ ಒಂದು ಸರ್ವರನ್ನು ಹೆಸರಿನ ಬದಲು ಅಂಕಿಯ ವಿಳಾಸವಾಗಿ ಹಾಕಿದರೆ ಗಂಟು ಬಿಡುತ್ತದೆ. ಕ್ಲೌಡ್‌ಫ್ಲೇರ್‌ನ ಸಮಯದ ಸರ್ವರಿನದು 162.159.200.1.

ಗೋವಾ, ಕೊಂಕಣದ ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವಲ್ಲಿ ಇನ್ನೊಂದು ಕಾರಣ ಕಾಣುತ್ತದೆ. ಫೈಬರಿನ ಪೆಟ್ಟಿಗೆ ಬೆಳಕು ಹಿಡಿದು ಸಂಪರ್ಕಕ್ಕೆ ಬರಲು ಒಂದೆರಡು ನಿಮಿಷ ತೆಗೆದುಕೊಳ್ಳುತ್ತದೆ. ಅದರ ಹಿಂದಿನ ರೂಟರ್ ಅಷ್ಟರಲ್ಲಿ ಎದ್ದು, ಒಮ್ಮೆ ಸಮಯ ಕೇಳಿ, ಉತ್ತರ ಸಿಗದೆ ಸುಮ್ಮನಾಗಿರುತ್ತದೆ. ಅಗ್ಗದ ಕೆಲವು ರೂಟರ್‌ಗಳು ಮತ್ತೆ ಕೇಳುವುದು ಗಂಟೆಗಟ್ಟಲೆ ಆದ ಮೇಲೆ. ಎರಡಕ್ಕೂ ಸೇರಿ ಒಂದು ಮಿನಿ ಯುಪಿಎಸ್ ಇಟ್ಟರೆ ಈ ಕಾಟ ತಪ್ಪುತ್ತದೆ. ಕೊಳ್ಳುವಾಗ ಎರಡೂ ಅಡಾಪ್ಟರುಗಳ ಮೇಲಿನ ವೋಲ್ಟ್ ಮತ್ತು ಆಂಪಿಯರ್ ಓದಿ. 12 ವೋಲ್ಟಿನದಕ್ಕೆ 9 ವೋಲ್ಟಿನ ತುದಿ ಚುಚ್ಚಬಾರದು, ಒಂದೊಂದು 1.5 ಆಂಪಿಯರ್ ಕೇಳಿದರೆ ಯುಪಿಎಸ್ ಒಟ್ಟು 3 ಆಂಪಿಯರ್ ಕೊಡುವಂಥದ್ದಿರಬೇಕು.

ಸಿಸಿಟಿವಿಗೆ ರೂಟರೇ ಗಡಿಯಾರ

ಸುರಕ್ಷತೆಗಾಗಿ ಕ್ಯಾಮೆರಾಗಳಿಗೆ ಇಂಟರ್‌ನೆಟ್ ಕೊಡದೆ ಇಡುವುದು ಒಳ್ಳೆಯ ಅಭ್ಯಾಸ. ಆಗ ಅವು ಸಮಯವನ್ನು ರೂಟರಿನಿಂದಲೇ ಪಡೆಯಬೇಕು. ಮೈಕ್ರೋಟಿಕ್‌ನಲ್ಲಿ ಸಿಸ್ಟಮ್, ಎನ್‌ಟಿಪಿ ಸರ್ವರ್ ಚಾಲೂ ಮಾಡಿ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ‘ಪ್ರೊವೈಡ್ ಎನ್‌ಟಿಪಿ ಸರ್ವರ್’ಗೆ ಗುರುತು ಹಾಕಿ. ಸಾಮಾನ್ಯ ಮನೆ ರೂಟರ್‌ಗಳಲ್ಲಿ ಹೆಚ್ಚಾಗಿ ಈ ಸೌಲಭ್ಯ ಇರುವುದಿಲ್ಲ. ಅಲ್ಲಿ ಡಿವಿಆರ್ ನೇರವಾಗಿ ಹೊರಗಿನ ಸರ್ವರನ್ನೇ ಕೇಳಬೇಕಾಗುತ್ತದೆ.

ಡಿವಿಆರ್‌ನ ಜನರಲ್ ಅಥವಾ ಸಿಸ್ಟಮ್ ಮೆನುವಿನಲ್ಲಿ ಎನ್‌ಟಿಪಿ ಎಂಬ ಸಾಲು ಸಿಗುತ್ತದೆ. ಸರ್ವರ್ ಜಾಗದಲ್ಲಿ ರೂಟರಿನ ವಿಳಾಸ, ಪೋರ್ಟ್ 123, ಅವಧಿ 60 ನಿಮಿಷ. ಐಪಿ ಕ್ಯಾಮೆರಾಗಳು ಬೇರೆ ಬೇರೆ ಇದ್ದರೆ ಪ್ರತಿಯೊಂದರಲ್ಲೂ ಇದನ್ನೇ ಹಾಕಿ. ಜಾಲಕ್ಕೆ ಸೇರಿದ ಯಂತ್ರಗಳಿಗೆ ವಿಳಾಸ ಹಂಚುವ ವ್ಯವಸ್ಥೆಯಾದ ಡಿಎಚ್‌ಸಿಪಿಯ 42ನೇ ಆಯ್ಕೆಯಿಂದ ರೂಟರ್ ಈ ವಿಳಾಸವನ್ನು ತಾನೇ ಹಂಚಬಲ್ಲದು, ಆದರೆ ಅನೇಕ ಕ್ಯಾಮೆರಾಗಳು ಅದನ್ನು ಓದುವುದಿಲ್ಲ. ಕರೆಂಟು ಹೋದಾಗಲೆಲ್ಲ ಡಿವಿಆರ್‌ನ ತಾರೀಖು ಹಳೆಯ ಇಸವಿಗೆ ಬೀಳುತ್ತಿದ್ದರೆ ಒಳಗಿನ ನಾಣ್ಯದ ಸೆಲ್ ಮುಗಿದಿದೆ. ಸಾಮಾನ್ಯವಾಗಿ ಅದು ಸಿಆರ್2032, 3 ವೋಲ್ಟಿನದು; ಪ್ಲಗ್ ಕಿತ್ತು ಬದಲಾಯಿಸಬೇಕು.

ತಿದ್ದುವ ಮೊದಲು ಒಂದು ಎಚ್ಚರ. ಎರಡೂವರೆ ಗಂಟೆ ಮುಂದಿದ್ದ ಡಿವಿಆರ್‌ನ ಗಂಟೆಯನ್ನು ಹಿಂದಕ್ಕೆ ತಂದರೆ, ಆಗಲೇ ದಾಖಲಾದ ಎರಡೂವರೆ ಗಂಟೆಯ ಹೆಸರಿನಲ್ಲೇ ಹೊಸ ದೃಶ್ಯ ಕೂರುತ್ತದೆ. ಕೆಲವು ಯಂತ್ರಗಳು ಹಳೆಯದನ್ನು ಅಳಿಸುತ್ತವೆ, ಕೆಲವು ಹುಡುಕಿದಾಗ ಎರಡನ್ನೂ ಬೆರೆಸಿ ತೋರಿಸುತ್ತವೆ. ಬೇಕಾದ ದೃಶ್ಯವನ್ನು ಮೊದಲು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಡಿವಿಆರ್ ಪರದೆಯ ಪಕ್ಕ ಮೊಬೈಲ್ ಹಿಡಿದು ಎರಡರ ಗಂಟೆಯೂ ಕಾಣುವಂತೆ ಒಂದು ಫೋಟೋ ತೆಗೆಯಿರಿ. ಸೊಸೈಟಿಯ ರಿಜಿಸ್ಟರಿನಲ್ಲಿ ತಾರೀಖು, ಅಂತರ ಎಷ್ಟಿತ್ತು, ಯಾವಾಗ ತಿದ್ದಲಾಯಿತು, ಯಾರು ತಿದ್ದಿದರು ಎಂಬ ನಾಲ್ಕನ್ನೂ ಬರೆದು ಕಾರ್ಯದರ್ಶಿಯ ಸಹಿ ಹಾಕಿಸಿ. ಆಮೇಲೆ ಎನ್‌ಟಿಪಿ ಚಾಲೂ ಮಾಡಿ.